ವಿದ್ಯುತ್ಕಾಂತದ ಪಾಠ: ಬಿಟ್ಟುಹೋದ ಒಂದು ಉಪವಾಕ್ಯ

‘ಸುತ್ತುಗಳು ಹೆಚ್ಚಿದಂತೆ ವಿದ್ಯುತ್ಕಾಂತದ ಬಲ ಹೆಚ್ಚುತ್ತದೆ’ ಎಂಬುದು ಶಾಲೆಯ ದಿನಗಳಿಂದ ಎಲ್ಲರಿಗೂ ಪರಿಚಿತವಾದ ವಾಕ್ಯ. ಅದರ ವ್ಯಾಕರಣದಲ್ಲಿ ದೋಷವಿಲ್ಲ. ಅರ್ಥದಲ್ಲಿ ಮಾತ್ರ ಕೊರತೆಯಿದೆ. ‘ಪ್ರವಾಹ ಅಷ್ಟೇ ಇದ್ದರೆ’ ಎಂಬ ಉಪವಾಕ್ಯ ಅಲ್ಲಿ ಬಿಟ್ಟುಹೋಗಿದೆ. ಶಾಸ್ತ್ರಗದ್ಯದಲ್ಲಿ ಇಂತಹ ಲೋಪ ಓದುಗನನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಬ್ಯಾಟರಿಯಿಂದ ನಡೆಯುವ ವಿದ್ಯುತ್ಕಾಂತವೇ ನಿದರ್ಶನ.

ಕಬ್ಬಿಣವನ್ನು ಕಾಂತವಾಗಿಸುವುದು ಸುತ್ತುಗಳ ಸಂಖ್ಯೆಯೊಂದೇ ಅಲ್ಲ. ಸುತ್ತು ಮತ್ತು ಪ್ರವಾಹಗಳ ಗುಣಲಬ್ಧ. ಇದಕ್ಕೆ ಆಂಪಿಯರ್-ಸುತ್ತು ಎಂದು ಹೆಸರು. 1.5 ವೋಲ್ಟಿನ ಬ್ಯಾಟರಿಗೆ 100 ಸುತ್ತುಗಳ, 1 ಓಮ್ ರೋಧದ ಸುರುಳಿಯನ್ನು ಜೋಡಿಸಿದರೆ 1.5 ಆಂಪಿಯರ್ ಹರಿಯುತ್ತದೆ, ಗುಣಲಬ್ಧ 150. ಅದೇ ತಂತಿಯಿಂದ, ಅದೇ ಅಳತೆಯ 200 ಸುತ್ತುಗಳನ್ನು ಹಾಕಿದರೆ ರೋಧ 2 ಓಮ್ ಆಗಿ ಪ್ರವಾಹ 0.75 ಆಂಪಿಯರಿಗೆ ಇಳಿಯುತ್ತದೆ. ಗುಣಲಬ್ಧ ಮತ್ತೆ 150. ಮರಾಠಿಯ ಚುಂಬಕ ಕನ್ನಡದಲ್ಲಿ ಕಾಂತವಾದರೂ, ರೋಧ ಎರಡೂ ಭಾಷೆಗಳಲ್ಲಿ ರೋಧವೇ. ಅದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಹಾಗಾದರೆ ಹೆಚ್ಚಿನ ಸುತ್ತು ವ್ಯರ್ಥವೇ? ಅಲ್ಲ. ಬಲ ಅಷ್ಟೇ ಉಳಿದು, ವ್ಯಯವು 2.25 ವ್ಯಾಟಿನಿಂದ ಸುಮಾರು 1.13 ವ್ಯಾಟಿಗೆ ಇಳಿಯಿತು. ತಂತಿ ಕಡಿಮೆ ಬಿಸಿಯಾಗುತ್ತದೆ, ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಹೆಚ್ಚಿನ ಸುತ್ತು ತರುವುದು ಬಲವನ್ನಲ್ಲ, ಮಿತವ್ಯಯವನ್ನು. ಬಲವೇ ಬೇಕಾದರೆ ದಪ್ಪ ತಂತಿ ಬೇಕು. ಆಗ ಬ್ಯಾಟರಿಯ ಮೇಲಿನ ಭಾರವೂ ಏರುತ್ತದೆ.

ಇತಿಹಾಸವೂ ಇದನ್ನೇ ಸಾರುತ್ತದೆ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರಲ್ಲಿ ಪ್ರದರ್ಶಿಸಿದ ವಿದ್ಯುತ್ಕಾಂತ, ಸುಮಾರು 200 ಗ್ರಾಂ ತೂಕದ ಕುದುರೆಲಾಳದಾಕಾರದ ಕಬ್ಬಿಣ. ಅರಗುಬಣ್ಣ ಬಳಿದ ಆ ಕಬ್ಬಿಣದ ಮೇಲೆ ಬರಿಯ ತಾಮ್ರದ ತಂತಿಯನ್ನು ಬಿಡಿಬಿಡಿಯಾಗಿ ಸುತ್ತಲಾಗಿತ್ತು. ಅದು ಸುಮಾರು 4 ಕಿಲೋ ಎತ್ತಿತು. ಅಮೆರಿಕದ ಆಲ್ಬನಿಯಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆಯ ಹೊದಿಕೆ ಕೊಟ್ಟು ಪದರದ ಮೇಲೆ ಪದರ ಸುತ್ತಿದ. ಒಂದೇ ಕೋಶವಿದ್ದಾಗ ಅನೇಕ ಚಿಕ್ಕ ಸುರುಳಿಗಳ ಸಮಾಂತರ ಜೋಡಣೆ, ಕೋಶಗಳ ಸಾಲಿದ್ದಾಗ ಒಂದೇ ಉದ್ದ ಸುರುಳಿ: ಹೀಗೆ ಬ್ಯಾಟರಿಗೆ ತಕ್ಕ ಸುರುಳಿ ಎಂಬ ವಿವೇಕವನ್ನು ಆತ ಕಂಡುಕೊಂಡ. 1831ರಲ್ಲಿ ಯೇಲ್ ಕಾಲೇಜಿಗಾಗಿ ಆತ ನಿರ್ಮಿಸಿದ ವಿದ್ಯುತ್ಕಾಂತ 900 ಕಿಲೋಗಿಂತ ಹೆಚ್ಚು ಭಾರ ತಾಳಿತು.

ಕಬ್ಬಿಣದ ಆಕಾರವೂ ಮುಖ್ಯ. ಕುದುರೆಲಾಳದ ಎರಡೂ ತುದಿಗಳಿಗೆ ಕಬ್ಬಿಣದ ಪಟ್ಟಿ ತಾಗಿದಾಗ ಕಾಂತಪಥ ಪೂರ್ಣವಾಗುತ್ತದೆ. ನಡುವೆ ಕಾಗದದಷ್ಟು ಅಂತರ ಉಳಿದರೂ ಹಿಡಿತ ಗಣನೀಯವಾಗಿ ಸಡಿಲುತ್ತದೆ. ಬ್ಯಾಟರಿಯನ್ನು ಬದಲಿಸುವ ಮೊದಲು ಈ ಅಂತರವನ್ನು ಸರಿಪಡಿಸುವುದು ಜಾಣತನ.

ನಿಯಮ ಹೇಳುವ ವಾಕ್ಯದಲ್ಲಿ ‘ಇದ್ದರೆ’ ಎಂಬುದು ಅಲಂಕಾರವಲ್ಲ, ನಿಯಮದ ಅರ್ಧಭಾಗ.

ಅಭ್ಯಾಸ: ‘ದಪ್ಪ ತಂತಿ ಬಳಸಿದರೆ ವಿದ್ಯುತ್ಕಾಂತ ಉತ್ತಮವಾಗುತ್ತದೆ’ ಎಂಬ ವಾಕ್ಯಕ್ಕೆ ತಕ್ಕ ಉಪವಾಕ್ಯಗಳನ್ನು ಸೇರಿಸಿ ತಿದ್ದಿ ಬರೆಯಿರಿ.