ಕ್ರಿಸ್ತಜಯಂತಿಗೆ ಏನು ಕೊಡೋಣ, ಹೇಗೆ ನಲಿಯೋಣ?



ಆಗಮನ ಕಾಲ ಬಂತೆಂದರೆ ಮನೆಯಲ್ಲಿ ಎರಡು ಪಟ್ಟಿಗಳು ತಯಾರಾಗುತ್ತವೆ. ಒಂದು ತಾಯಿಯದು: ಮೈದಾ, ಬೆಲ್ಲ, ಎಣ್ಣೆ, ಮಕ್ಕಳ ಅರಿವೆ. ಇನ್ನೊಂದು ಮಕ್ಕಳದು: ಬ್ಯಾಟರಿಯ ಕಾರು, ಹೊಸ ಬೂಟು, ಸ್ವಲ್ಪ ದೊಡ್ಡವರಾಗಿದ್ದರೆ ಮೊಬೈಲು. ಮೂರನೆಯ ಪಟ್ಟಿಯೂ ಒಂದಿದೆ. ಅದು ತಂದೆಯ ತಲೆಯೊಳಗೇ ಇರುತ್ತದೆ, ಬಾಯಿಗೆ ಬರುವುದಿಲ್ಲ. ಯಾರ ಹತ್ತಿರ ಎಷ್ಟು ಕೈಗಡ ಕೇಳಬೇಕು ಎಂಬ ಪಟ್ಟಿ ಅದು. ಈ ವಾರದ ನಮ್ಮ ಪಾಠ ಆ ಮೂರನೆಯ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಹತ್ತರಗಿ, ಯಮಕನಮರಡಿ, ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಕಡಿಮೆ. ಇಡೀ ಓಣಿಗೆ ಒಂದೇ ನಕ್ಷತ್ರದೀಪ ತೂಗುವುದೂ ಉಂಟು. ಡಿಸೆಂಬರದಲ್ಲಿ ಬೆಳಗಾವಿಯ ಅಂಗಡಿಸಾಲು ನೋಡಿ ಬಂದ ಮಗುವಿಗೆ ನಮ್ಮೂರ ಹಬ್ಬ ಸಪ್ಪೆ ಎನಿಸಬಹುದು. ಹಾಗೆ ಎನಿಸದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಹೆಚ್ಚು ಹಣ ಬೇಡ, ಸ್ವಲ್ಪ ಮುಂಚಿನ ತಯಾರಿ ಬೇಕು.

ಮೊದಲು ಮತ್ತಾಯನ ಶುಭಸಂದೇಶದ 2ನೇ ಅಧ್ಯಾಯ ತೆಗೆದು 11ನೇ ವಚನವನ್ನು ಮನೆಯವರೆಲ್ಲ ಕೇಳುವಂತೆ ಓದಿರಿ. ಜ್ಞಾನಿಗಳು ಬಂಗಾರ, ಧೂಪ, ರಕ್ತಬೋಳಗಳನ್ನು ಅರ್ಪಿಸಿದ್ದು ನಮಗೆಲ್ಲ ಗೊತ್ತು. ಅದಕ್ಕೆ ಮುಂಚೆ ನಡೆದದ್ದನ್ನು ಗಮನಿಸಿದ್ದೀರಾ? ಅವರು ಮನೆಯೊಳಗೆ ಬರುತ್ತಾರೆ, ಮಗುವನ್ನು ಅದರ ತಾಯಿಯೊಂದಿಗೆ ಕಾಣುತ್ತಾರೆ, ಸಾಷ್ಟಾಂಗ ಬೀಳುತ್ತಾರೆ. ಗಂಟು ಬಿಚ್ಚುವುದು ಆಮೇಲೆ. ಬರುವುದು, ನೋಡುವುದು, ಬಾಗುವುದು, ಕೊಡುವುದು. ಈ ಕ್ರಮ ತಪ್ಪಿದಾಗ ಕಾಣಿಕೆ ಬರೀ ಸಾಮಾನಾಗುತ್ತದೆ. ದುಬೈಯಿಂದಲೋ ಪುಣೆಯಿಂದಲೋ ದೊಡ್ಡ ಪೆಟ್ಟಿಗೆ ಕಳಿಸಿ, ಮೂರು ವರ್ಷದಿಂದ ಊರಿಗೆ ಬಾರದ ಮಗನನ್ನು ನೆನೆದು ಅದೇ ಪೆಟ್ಟಿಗೆಯ ಮುಂದೆ ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ನೀವೂ ಕಂಡಿರುತ್ತೀರಿ.

ಗೋದಲಿಯೇ ಮೊದಲ ಆಟ

ಮಕ್ಕಳಿಗೆ ಗೋದಲಿಗಿಂತ ಒಳ್ಳೆಯ ಆಟವನ್ನು ಧರ್ಮಸಭೆ ಇನ್ನೂ ಕಂಡುಹಿಡಿದಿಲ್ಲ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ಹರಡಿ, ಜೀವಂತ ಎತ್ತು ಮತ್ತು ಕತ್ತೆಯನ್ನು ನಿಲ್ಲಿಸಿ ಬೆತ್ಲೆಹೇಮನ್ನು ಜನರ ಕಣ್ಣಿಗೆ ತಂದರು. ಅದೇ ಗ್ರೆಚ್ಚೊದಲ್ಲಿ 2019ರ ಡಿಸೆಂಬರ್ 1ರಂದು ಜಗದ್ಗುರು ಫ್ರಾನ್ಸಿಸರು ಗೋದಲಿಯ ಕುರಿತಾದ ಪ್ರೇರಿತ ಪತ್ರಕ್ಕೆ ಸಹಿ ಮಾಡಿ, ಮನೆಮನೆಯಲ್ಲೂ ಗೋದಲಿ ಕಟ್ಟುವ ರೂಢಿಯನ್ನು ಉಳಿಸಿಕೊಳ್ಳಿರೆಂದು ಕೇಳಿಕೊಂಡರು.

ಎತ್ತು ಮಾಡುವುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಮಕ್ಕಳೆಲ್ಲ ಎರೆಮಣ್ಣು ಕಲಸಿ ಎತ್ತು ಮಾಡುವುದನ್ನು ಅವರು ನೋಡಿಯೇ ಬೆಳೆದಿರುತ್ತಾರೆ. ಅದೇ ಮಣ್ಣು, ಅದೇ ಕೈ. ಎತ್ತು, ಕುರಿ, ಕುರುಬ, ಬೇಕಾದರೆ ಕಬ್ಬಿನ ಚಕ್ಕಡಿಯನ್ನೂ ಮಾಡಲಿ. ಪೇಟೆಯ ಪ್ಲಾಸ್ಟರ್ ಗೊಂಬೆಯ ಪಕ್ಕದಲ್ಲಿ ಮಗುವಿನ ಸೊಟ್ಟ ಕುರಿ ನಿಂತಿದ್ದರೆ ಗೋದಲಿಯ ಅಂದ ಕೆಡುವುದಿಲ್ಲ. ದಯವಿಟ್ಟು ಅದನ್ನು ಹಿಂದಕ್ಕೆ ಸರಿಸಬೇಡಿರಿ. ಕುರುಬರು ಕಂಬಳಿ ಹೊದ್ದು ಕೈಯಲ್ಲಿ ಬಡಿಗೆ ಹಿಡಿದಿರಲಿ. ನಮ್ಮ ಸೀಮೆಯ ಕುರುಬರು ಹಾಗೆಯೇ ಅಲ್ಲವೇ ಇರುವುದು?

ಡಿಸೆಂಬರ್ 13, ಸಂತ ಲೂಸಿಯ ಹಬ್ಬದಂದು ಚಿಕ್ಕ ತಟ್ಟೆಯಲ್ಲಿ ಮಣ್ಣು ಹಾಕಿ ಹಿಡಿ ಗೋಧಿ ಬಿತ್ತಿರಿ. ಹಂಗೆರಿ ಮತ್ತು ಕ್ರೊಯೇಷಿಯದ ಕ್ರೈಸ್ತ ಮನೆಗಳಲ್ಲಿ ಇದು ಹಳೆಯ ಪದ್ಧತಿ. ನವರಾತ್ರಿಯಲ್ಲಿ ಘಟ್ಟ ಹಾಕುವ ನಮ್ಮ ನೆರೆಯವರಿಗೂ ಹೊಸದೇನಲ್ಲ. ಹನ್ನೆರಡು ದಿನಗಳಲ್ಲಿ ಗೇಣುದ್ದದ ಹಸಿರು ಬರುತ್ತದೆ, ಗೋದಲಿಗೆ ಹುಲ್ಲುಗಾವಲಾಗುತ್ತದೆ. ದಿನಾ ನೀರು ಚಿಮುಕಿಸುವ ಕೆಲಸ ಮನೆಯ ಅತಿ ಸಣ್ಣ ಮಗುವಿನದಾಗಲಿ.

ಗೋಕಾಕದ ಗೊಂಬೆ

ಬೊಂಬೆ ಕೊಳ್ಳಲೇಬೇಕೆಂದಿದ್ದರೆ ಗೋಕಾಕ ಪೇಟೆಗೆ ಹೋಗಿ ಕೇಳಿ ನೋಡಿರಿ. ಹಗುರ ಕಟ್ಟಿಗೆಯಿಂದ ಪ್ರಾಣಿ, ಪಕ್ಷಿ, ಮನುಷ್ಯರ ಗೊಂಬೆಗಳನ್ನೂ, ನಿಜವೆಂದೇ ಭ್ರಮೆ ಹುಟ್ಟಿಸುವ ಹಣ್ಣು ಕಾಯಿಪಲ್ಲೆಗಳನ್ನೂ ಮಾಡಿ ಬಣ್ಣ ಬಳಿಯುವ ಕಲೆಗೆ ಆ ಊರು ಹೆಸರಾದದ್ದು. ಚನ್ನಪಟ್ಟಣದ ಅರಗಿನ ಆಟಿಕೆ ಎಲ್ಲರಿಗೂ ಗೊತ್ತು, ಕೊಪ್ಪಳದ ಕಿನ್ನಾಳ ಕಲೆ ಕೆಲವರಿಗೆ ಗೊತ್ತು. ಗೋಕಾಕದ ಗೊಂಬೆಯನ್ನು ಗೋಕಾಕದವರೇ ಮರೆತಂತಿದ್ದೇವೆ. ಪ್ಲಾಸ್ಟಿಕ್ ಆಟಿಕೆ ಬಂದ ಮೇಲೆ ಇಂಥ ಕಸುಬು ಹಿಡಿದವರ ಸಂಖ್ಯೆ ಇಳಿಯುತ್ತಾ ಬಂದಿದೆ. ಬಡಗಿಯ ಮನೆಯಲ್ಲಿ ಬೆಳೆದವರು ನಮ್ಮ ಯೇಸುಸ್ವಾಮಿ. ಅವರ ಹುಟ್ಟುಹಬ್ಬಕ್ಕೆ ಕಟ್ಟಿಗೆ ಕೆತ್ತುವವನ ಮನೆಗೆ ನಾಲ್ಕು ಕಾಸು ಸೇರಿದರೆ ಸಂತ ಜೋಸೆಫರಿಗೆ ಸಂತೋಷವಾಗದೆ ಇರುತ್ತದೆಯೇ? ಒಂದು ಮಾತು: ಚೌಕಾಸಿಯನ್ನು ಮೊಬೈಲಿನ ಅಂಗಡಿಯಲ್ಲಿ ಮಾಡಿರಿ, ಇಲ್ಲಿ ಬೇಡ.

ಬಾಣಂತಿಯ ತಿನಿಸು

ಗೋಕಾಕವೆಂದರೆ ಕರದಂಟು. ನೆಂಟರಿಗೆ ಕೊಡಲು ಇದಕ್ಕಿಂತ ಒಪ್ಪುವ ಕಾಣಿಕೆ ನಮ್ಮ ಸೀಮೆಯಲ್ಲಿಲ್ಲ. ಕರಿದ ಅಂಟು, ಅದೇ ಕರದಂಟು. ಮರದ ಅಂಟನ್ನು ತುಪ್ಪದಲ್ಲಿ ಬಿಟ್ಟರೆ ಅರಳಿನಂತೆ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ ಕೂಡಿಸಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಮನೆಯಲ್ಲಿ ಮಾಡುವವರು ಉರಿ ಸಣ್ಣಗಿಟ್ಟು ಅಂಟನ್ನು ಸ್ವಲ್ಪ ಸ್ವಲ್ಪವೇ ಹಾಕಿರಿ. ಒಮ್ಮೆಲೇ ಸುರಿದರೆ ಹೊರಗೆ ಕೆಂಪಾಗಿ ಒಳಗೆ ಹಸಿಯೇ ಉಳಿದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ.

ಇದು ಮಿಠಾಯಿ ಅಂಗಡಿಯ ಗಾಜಿನೊಳಗೆ ಕೂರುವ ಮುಂಚೆ ಬಾಣಂತಿಯ ಆರೈಕೆಯ ತಿನಿಸು. ಸೊಂಟಕ್ಕೆ ಬಲ ಬರಲೆಂದು, ಮೈ ಬೆಚ್ಚಗಿರಲೆಂದು ಹಿರಿಯ ಹೆಂಗಸರು ಅಂಟಿನುಂಡೆ ಕಟ್ಟಿ ಕೊಡುತ್ತಾರೆ. ಜ್ಞಾನಿಗಳ ಧೂಪ ಮತ್ತು ರಕ್ತಬೋಳಗಳೂ ಮರದಿಂದ ಸೋರಿದ ಅಂಟುಗಳೇ ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಆದರೆ ಅವರು ಬರುವ ತನಕ ಮಾತೆ ಮರಿಯಳ ಬಾಣಂತನವನ್ನು ಯಾರು ನೋಡಿಕೊಂಡರು? ಲೂಕನು ಹೇಳುವುದು ಇಷ್ಟೇ: ಛತ್ರದಲ್ಲಿ ಜಾಗವಿರಲಿಲ್ಲ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ತೌರುಮನೆ ನಜರೇತಿನಲ್ಲಿ, ಹೆರಿಗೆ ಬೆತ್ಲೆಹೇಮಿನಲ್ಲಿ. ಕಾಯಿಸಿದ ನೀರು ಕೊಡುವ ಒಬ್ಬ ಅತ್ತೆಯೋ ಅಕ್ಕನೋ ಬಳಿಯಲ್ಲಿದ್ದರೆಂದು ಶುಭಸಂದೇಶದಲ್ಲಿಲ್ಲ.

ಈಗ ನಿಮ್ಮೂರ ಹೊಲಗಳ ಕಡೆ ಒಮ್ಮೆ ನೋಡಿರಿ. ಡಿಸೆಂಬರ್ ಎಂದರೆ ಕಬ್ಬು ನುರಿಸುವ ಹಂಗಾಮು. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ಕಡೆಗೂ ಘಟಪ್ರಭೆಯ ಕಡೆಗೂ ಹಗಲಿರುಳು ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಆ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಜಿಲ್ಲೆಯಂಥ ಒಣಸೀಮೆಗಳಿಂದ ಗಂಡ ಹೆಂಡತಿ ಮಕ್ಕಳು ಕೂಡಿಯೇ ಬರುತ್ತಾರೆ. ಮುಂಗಡ ಹಣ ತೆಗೆದುಕೊಂಡು ಬಂದವರು, ತೀರುವ ತನಕ ಹಿಂದಿರುಗುವಂತಿಲ್ಲ. ಹೊಲದ ಬದುವಿನಲ್ಲಿ ಕಬ್ಬಿನ ರವದಿಯ ಗುಡಿಸಲು, ಹೊರಗೆ ಎತ್ತು, ಒಳಗೆ ಕೂಸು. ಬಸುರಿಯರೂ ಬಾಣಂತಿಯರೂ ಅವರಲ್ಲಿರುತ್ತಾರೆ. ನಾವು ಮಣ್ಣಿನಲ್ಲಿ ಕಟ್ಟುವ ಗೋದಲಿಯ ಎಲ್ಲವೂ ಅಲ್ಲಿ ಜೀವಂತವಾಗಿದೆ.

ಆದ್ದರಿಂದ ಈ ವರ್ಷ ನಿಮ್ಮ ಮನೆಯ ಕರದಂಟಿನಲ್ಲಿ ಒಂದು ಪಾಲು ಆ ಗುಡಿಸಲಿಗೆ ಹೋಗಲಿ. ಜೊತೆಗೆ ಒಂದು ದಪ್ಪ ಹೊದಿಕೆ, ಕೂಸಿಗೆ ಒಂದು ಕುಲಾಯಿ. ಹರಿದ ಹಳೆಯ ಅರಿವೆ ಬೇಡ. ನಿಮ್ಮ ಮಗುವಿಗೆ ತೊಡಿಸುವಂಥದ್ದನ್ನೇ ಕೊಡಿರಿ. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಅಲ್ಲಿ ಫೋಟೋ ತೆಗೆಯಬೇಡಿರಿ. ಅವರು ಕರಿಚಹಾ ಕೊಟ್ಟರೆ ಕುಳಿತು ಕುಡಿದು ಬನ್ನಿರಿ. ಮರಾಠಿ ಬಾರದಿದ್ದರೆ ಚಿಂತೆಯಿಲ್ಲ, ನಮ್ಮ ಗಡಿಸೀಮೆಯಲ್ಲಿ ಅಷ್ಟೊಂದು ಮರಾಠಿ ಯಾರಿಗೆ ಬರುವುದಿಲ್ಲ?

ಸಂಜೆಯ ಹೊತ್ತು

1994ರಲ್ಲಿ ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕಾಗಿ ಜಗದ್ಗುರು ಎರಡನೇ ಜಾನ್ ಪೌಲರು ಕೊಟ್ಟ ಸಂದೇಶ ದೂರದರ್ಶನ ಮತ್ತು ಕುಟುಂಬದ ಕುರಿತಾದದ್ದು. ಏನನ್ನು ನೋಡಬೇಕೆಂದು ತಂದೆತಾಯಿ ಮೊದಲೇ ವಿಚಾರಿಸಲಿ, ಮಕ್ಕಳೊಂದಿಗೆ ಕುಳಿತು ನೋಡಲಿ, ನೋಡಿದ್ದನ್ನು ಕುರಿತು ಮಾತಾಡಲಿ, ಬೇಡವಾದಾಗ ಆರಿಸಲಿ ಎಂಬುದು ಅದರ ಸಾರ. ಅಂದು ಮನೆಗೆ ಒಂದು ಪೆಟ್ಟಿಗೆ ಇತ್ತು. ಇಂದು ಒಬ್ಬೊಬ್ಬರ ಕೈಗೆ ಒಂದೊಂದು ಪೆಟ್ಟಿಗೆ. ಅಂದು ಜಗಳವಾಡಿಯಾದರೂ ಎಲ್ಲರೂ ಒಂದೇ ಕಾರ್ಯಕ್ರಮ ನೋಡುತ್ತಿದ್ದರು; ಈಗ ಜಗಳವೂ ಇಲ್ಲ, ಮಾತೂ ಇಲ್ಲ. ಇವೆರಡರಲ್ಲಿ ನನಗೆ ಜಗಳವೇ ವಾಸಿ ಎನಿಸುತ್ತದೆ.

ಡಿಸೆಂಬರ್ 24ರಿಂದ ಪವಿತ್ರ ಕುಟುಂಬದ ಹಬ್ಬದವರೆಗೆ ಸಂಜೆ ಜಪಸರ ಮುಗಿದ ಮೇಲೆ ಮೊಬೈಲುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿರಿ. ಅಪ್ಪನದು ಮೊದಲು ಬೀಳಲಿ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆಯಿರಿ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಕಡೆ ತೇಯ್ದರೆ ಸಾಕು. ಅಜ್ಜಿ ಮೊಮ್ಮಗನ ಕಾಯಿ ಕಡಿಯುವಾಗ ಮನೆಯಲ್ಲಿ ಏಳುವ ಗದ್ದಲಕ್ಕೆ ಯಾವ ಪರದೆಯ ಆಟವೂ ಸಮವಲ್ಲ. ಒಂದು ರಾತ್ರಿ ಸಿನೆಮಾ ಇರಲಿ, ಬೇಡವೆನ್ನುವುದಿಲ್ಲ. 1978ರ ತೆಲುಗು ಚಿತ್ರ ‘ಕರುಣಾಮಯುಡು’ ಹಿಂದಿಯಲ್ಲಿ ‘ದಯಾಸಾಗರ’ವಾಗಿ, ಭಾರತದ ಇತರ ಭಾಷೆಗಳಿಗೂ ಹೋಗಿ, ಹಳ್ಳಿಗಳಲ್ಲಿ ಪರದೆ ಕಟ್ಟಿ ತೋರಿಸಿದ ಚಿತ್ರ. ಯೇಸುಸ್ವಾಮಿಯ ಜೀವನವನ್ನು ನಮ್ಮ ನಾಡಿನ ಮುಖಗಳಲ್ಲಿ ನೋಡುವುದು ಮಕ್ಕಳಿಗೆ ಬೇರೆಯೇ ಅನುಭವ.

ಧರ್ಮಕೇಂದ್ರದ ಯುವಕರಿಗೆ ಒಂದು ಸೂಚನೆ. ಪ್ರತಿ ವರ್ಷ ಅದೇ ರೂಪಕ, ಹತ್ತಿಯ ಗಡ್ಡ, ದೇವದೂತರಿಗೆ ಬಿಳಿ ಸೀರೆ. ಶ್ರೀಕೃಷ್ಣ ಪಾರಿಜಾತದಂಥ ಬಯಲಾಟಕ್ಕೆ ರೂಪ ಕೊಟ್ಟ ಕುಲಗೋಡ ತಮ್ಮಣ್ಣನವರು, ಅದನ್ನು ಆಡಿ ನಾಡಿಗೆಲ್ಲ ಹೆಸರಾದ ಕೌಜಲಗಿ ನಿಂಗಮ್ಮನವರು ಈ ಸೀಮೆಯವರೇ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಇಂಥ ಆಟಗಳ ಗಾಳಿಯಲ್ಲೇ ಬೆಳೆದವರು. ಭಾಗವತನೊಬ್ಬ ನಿಂತು ಕಥೆ ನಡೆಸಲಿ, ಹೆರೋದನು ಕುಣಿಯುತ್ತಾ ಪ್ರವೇಶಿಸಲಿ, ಛತ್ರದವನು ನಮ್ಮೂರ ಮಾತಿನಲ್ಲೇ ‘ಜಾಗಾ ಇಲ್ಲೋ ಯಪ್ಪಾ’ ಎನ್ನಲಿ. ಓಣಿಯ ಹಿಂದೂ ಮುಸ್ಲಿಂ ನೆರೆಯವರೂ ಕುಳಿತು ನೋಡುತ್ತಾರೆ, ಅವರಲ್ಲೊಬ್ಬ ಡಪ್ಪು ಬಾರಿಸಲೂಬಹುದು.

ಒಂದು ದಿನದ ಪ್ರಯಾಣ

ಬಾಲಯೇಸು ಹನ್ನೆರಡು ವರ್ಷದವರಾಗಿದ್ದಾಗ ಕುಟುಂಬವು ನೆಂಟರಿಷ್ಟರ ಜೊತೆ ಜೆರುಸಲೇಮಿನ ಹಬ್ಬಕ್ಕೆ ಹೋಗಿದ್ದನ್ನು ಲೂಕ 2:41-52ರಲ್ಲಿ ಓದುತ್ತೇವೆ. ಕೂಡಿ ಪ್ರಯಾಣ ಮಾಡುವುದು ಪವಿತ್ರ ಕುಟುಂಬದ ರೂಢಿಯೂ ಆಗಿತ್ತು. (ಮಗು ಕಳೆದದ್ದೂ ಅಲ್ಲೇ. ಜಾತ್ರೆಯಲ್ಲಿ ಕೈ ಬಿಡಬೇಡಿರಿ!)

ರಜೆಯಲ್ಲಿ ಗೋಕಾಕ ಜಲಪಾತಕ್ಕೆ ಹೋಗುವವರು ತಿಳಿದಿರಿ: 52 ಮೀಟರ್ ಎತ್ತರದಿಂದ ಘಟಪ್ರಭೆ ಧುಮುಕುವ ಅಬ್ಬರ ಮಳೆಗಾಲದ್ದು, ಡಿಸೆಂಬರದಲ್ಲಿ ನೀರು ತೆಳುವಾಗಿರುತ್ತದೆ. ಈ ತಿಂಗಳಿಗೆ ಒಪ್ಪುವುದು ಧೂಪದಾಳದ ಹಿನ್ನೀರು. ಘಟಪ್ರಭಾ ಪಕ್ಷಿಧಾಮ ಅಲ್ಲಿದೆ. ಚಳಿಗಾಲದಲ್ಲಿ ಡೆಮಾಯ್ಸೆಲ್ ಕ್ರೌಂಚಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಇಲ್ಲಿಗೆ ಬರುತ್ತವೆ. ಈ ಕ್ರೌಂಚಗಳು ಮಧ್ಯ ಏಷ್ಯದಿಂದ, ಕೆಲವು ಹಿಮಾಲಯವನ್ನೇ ದಾಟಿ ಬರುವಂಥವು. ದಾರಿ ತೋರಿಸಲು ಅವಕ್ಕೆ ಯಾವ ನಕ್ಷತ್ರವೋ! ಬೆಳಿಗ್ಗೆ ಬೇಗ ಹೋಗಿರಿ, ಬಿಳಿ ಕೆಂಪು ಬಟ್ಟೆ ಬೇಡ, ಗದ್ದಲ ಬೇಡ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು.

ಹೊಲವಿರುವ ನೆರೆಯವರು ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಊಟಕ್ಕೆ ಕರೆದರೆ ಅಥವಾ ಸೀತನಿ ತಿನ್ನಲು ಕರೆದರೆ ಹೋಗಿ ಬನ್ನಿರಿ. ಅವರ ಮನೆಗೂ ನಮ್ಮ ಹಬ್ಬದ ತಟ್ಟೆ ಹೋಗುತ್ತದಲ್ಲ.

ಇನ್ನು ಆ ಮೂರನೆಯ ಪಟ್ಟಿ. ಈ ವಾರ ಒಂದು ಸಂಜೆ ಗಂಡ ಹೆಂಡತಿ ಕುಳಿತು ಹಬ್ಬದ ಖರ್ಚನ್ನು ಒಂದು ಕಾಗದದ ಮೇಲೆ ಬರೆಯಿರಿ. ಹತ್ತು ವರ್ಷ ದಾಟಿದ ಮಕ್ಕಳಿಗೂ ತೋರಿಸಿರಿ. ಕೈಯಲ್ಲಿ ಇಷ್ಟಿದೆ, ಇದರಲ್ಲಿ ಏನೇನು ಮಾಡೋಣ ಎಂದು ಅವರನ್ನೇ ಕೇಳಿರಿ. ಕಂತಿನ ಮೇಲೆ ತಂದ ಮೊಬೈಲಿನ ಬಡ್ಡಿ ಜೂನ್‌ನಲ್ಲಿ ಶಾಲೆಯ ಫೀಸಿನ ಹೊತ್ತಿಗೆ ಹೇಗೆ ಎದುರು ನಿಲ್ಲುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ನಾವು ಅಂದುಕೊಳ್ಳುವುದಕ್ಕಿಂತ ಬೇಗ ಅರ್ಥವಾಗುತ್ತದೆ. ಕುಡಿತದ ಖರ್ಚೂ ಆ ಕಾಗದದ ಮೇಲೆ ಬರಲಿ. ಬರೆಯಲು ಕೈ ನಡುಗುವುದಾದರೆ ಅದನ್ನೇ ಮೊದಲು ಬರೆಯಿರಿ.

ಕೊನೆಯ ಕಾಣಿಕೆಯನ್ನು ಪ್ರಭುಪ್ರಕಟಣೆಯ ಭಾನುವಾರಕ್ಕೆ ಉಳಿಸಿಡಿರಿ. ಅಂದು ಜ್ಞಾನಿಗಳ ಗೊಂಬೆ ಗೋದಲಿಯ ಬಾಗಿಲಿಗೆ ಬಂದ ಮೇಲೆ ಮಕ್ಕಳು ಅದನ್ನು ಬಿಚ್ಚಲಿ. ಗೋದಲಿ ತೆಗೆಯುವಾಗ ಮಣ್ಣಿನ ಎತ್ತು ಕುರಿಗಳನ್ನು ಹಳೆಯ ಅರಿವೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿರಿ, ಒಡೆದವನ್ನು ಹೊಲಕ್ಕೆ ಹಾಕಿರಿ. ತಟ್ಟೆಯ ಗೋಧಿಸಸಿಯನ್ನು ಮಾತ್ರ ಎಸೆಯಬೇಡಿರಿ. ನೀರು ಚಿಮುಕಿಸಿದ ಆ ಸಣ್ಣ ಮಗುವಿನ ಕೈಯಿಂದಲೇ ಮನೆಯ ಆಕಳಿಗೆ, ಆಕಳಿಲ್ಲದಿದ್ದರೆ ನೆರೆಮನೆಯ ಆಕಳಿಗೆ ತಿನ್ನಿಸಿರಿ.