ಕೆಂಪು ಗುಂಡಿಗೆ ಜಾಗದ ಅರಿವು: ಹಳೆಯ ವಿಎಚ್‌ಎಫ್ ಸೆಟ್ಟಿಗೆ ಜಿಪಿಎಸ್ ಜೋಡಿಸುವುದು ಹೀಗೆ

ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ. ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಗಳಲ್ಲಿ ಆಗ ದುರಸ್ತಿ ಕೆಲಸದ ಭರಾಟೆ. ಎಂಜಿನ್ ಬಿಚ್ಚುತ್ತಾರೆ, ಬಲೆ ಸರಿಮಾಡುತ್ತಾರೆ, ಬೋಟಿಗೆ ಬಣ್ಣ ಬಳಿಯುತ್ತಾರೆ. ಕ್ಯಾಬಿನ್ನಿನ ವಿಎಚ್‌ಎಫ್ ವಯರ್‌ಲೆಸ್ ಸೆಟ್ಟನ್ನು ಮಾತ್ರ, ಮಾತು ಕೇಳಿಸುತ್ತಿರುವಷ್ಟು ಕಾಲ ಯಾರೂ ಮುಟ್ಟುವುದಿಲ್ಲ. ಈ ಸಲ ಅದರ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿ. ಕರೆಂಟಿನ ಕೆಂಪು-ಕಪ್ಪು ವಯರು, ಆಂಟೆನಾದ ದಪ್ಪ ಕೇಬಲ್ಲು ಬಿಟ್ಟರೆ ಇನ್ನೊಂದಿಷ್ಟು ತೆಳು ವಯರುಗಳು ಟೇಪು ಸುತ್ತಿಕೊಂಡು ಸುಮ್ಮನೆ ನೇತಾಡುತ್ತಿರಬಹುದು. ತಯಾರಕರು ಜಿಪಿಎಸ್ ಜೋಡಿಸಲೆಂದೇ ಕೊಟ್ಟ ವಯರುಗಳವು.

ಅವನ್ನು ಜೋಡಿಸದೆ ಬಿಟ್ಟರೆ ಏನು ನಷ್ಟ? ಸೆಟ್ಟಿನ ಮುಖದ ಮೇಲೆ ಪುಟ್ಟ ಮುಚ್ಚಳದಡಿ ‘ಡಿಸ್ಟ್ರೆಸ್’ ಎಂಬ ಕೆಂಪು ಗುಂಡಿ ಇದ್ದರೆ ಅದು ಡಿಎಸ್‌ಸಿ (ಡಿಜಿಟಲ್ ಸೆಲೆಕ್ಟಿವ್ ಕಾಲಿಂಗ್) ಸೌಲಭ್ಯದ ಸೆಟ್ಟು. ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಸೆಟ್ಟು ತಾನಾಗಿಯೇ 70ನೇ ಚಾನಲ್ಲಿಗೆ ಹೋಗಿ ಡಿಜಿಟಲ್ ಸಂದೇಶ ಕಳಿಸುತ್ತದೆ. ಬೋಟಿನ ಗುರುತು ಸಂಖ್ಯೆ, ಅಪಾಯ ಎಂಥದು, ಬೋಟು ಎಲ್ಲಿದೆ, ಸಮಯವೆಷ್ಟು ಎಲ್ಲವೂ ಅದರಲ್ಲಿ ಹೋಗುತ್ತದೆ. ಒಟ್ಟು ಟನ್ನೇಜ್ 300 ಮುಟ್ಟಿದ, ಅಂತಾರಾಷ್ಟ್ರೀಯ ಯಾನದ ಸರಕು ಹಡಗುಗಳು ಈ ಚಾನಲ್ಲಿಗೆ ಸದಾ ಕಿವಿಗೊಟ್ಟಿರಬೇಕೆಂಬುದು ನಿಯಮ. ನಮ್ಮ ಕಡಲಿನಾಚೆ ಕೊಚ್ಚಿಗೋ ಮುಂಬಯಿಗೋ ಹೋಗುವ ಹಡಗು ಹತ್ತಿರದಲ್ಲಿದ್ದರೆ ಅದರಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ. ಆದರೆ ಜಿಪಿಎಸ್ ಇಲ್ಲದ ಸೆಟ್ಟಿನ ಸಂದೇಶದಲ್ಲಿ ಜಾಗ ಇರಬೇಕಾದ ಕಡೆ ಬರೀ 9ರ ಸಾಲು. ಯಾರೋ ಮುಳುಗುತ್ತಿದ್ದಾರೆಂದು ಗೊತ್ತಾಗುತ್ತದೆ, ಎಲ್ಲಿ ಎಂಬುದು ಗೊತ್ತಾಗುವುದಿಲ್ಲ.

ಮಲ್ಪೆಯಿಂದ 2018ರ ಡಿಸೆಂಬರ್‌ನಲ್ಲಿ 7 ಮಂದಿಯೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಜಾಗ ತಿಳಿಯದೆ ಹುಡುಕುವುದೆಂದರೆ ಏನು ಎಂಬುದನ್ನು ಕರಾವಳಿಯ ಮನೆಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಕೆಂಪು ಗುಂಡಿಯೇ ಇಲ್ಲದ ತೀರಾ ಹಳೆಯ ಸೆಟ್ಟಾದರೆ ಈ ಕೆಲಸಕ್ಕೆ ಕೈಹಾಕಬೇಡಿ. ಅದಕ್ಕೆ ಜಿಪಿಎಸ್ ಜೋಡಿಸಿ ಪ್ರಯೋಜನವಿಲ್ಲ. ಜಿಪಿಎಸ್ ಒಳಗೇ ಇರುವ ಹೊಸ ಡಿಎಸ್‌ಸಿ ಸೆಟ್ಟಿಗೆ ದುಡ್ಡು ಹಾಕುವುದೇ ಮೇಲು.

ಮೊದಲು ಜಾಗದ ಮಾಹಿತಿ ಯಾವ ಉಪಕರಣದಿಂದ ಬರಬೇಕೆಂದು ತೀರ್ಮಾನಿಸಿ. ಬೋಟಿನಲ್ಲಿ ಈಗಾಗಲೇ ಜಿಪಿಎಸ್ ಪ್ಲಾಟರ್ ಅಥವಾ ಜಿಪಿಎಸ್ ಇರುವ ಫಿಶ್ ಫೈಂಡರ್ ಇದ್ದರೆ, ಅದರಲ್ಲಿ ‘ಎನ್‌ಎಂಇಎ 0183’ (ಬೋಟಿನ ಉಪಕರಣಗಳು ಪರಸ್ಪರ ಮಾಹಿತಿ ಕೊಡುವ ಮಾನದಂಡ) ಔಟ್ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಇದ್ದರೆ ಹೊಸದೇನೂ ಕೊಳ್ಳಬೇಕಿಲ್ಲ, ವಯರು ಎಳೆದರೆ ಸಾಕು. ಇಲ್ಲವಾದರೆ ಅಣಬೆಯಾಕಾರದ ಪ್ರತ್ಯೇಕ ಜಿಪಿಎಸ್ ರಿಸೀವರ್ ಸಿಗುತ್ತದೆ. ಕೊಳ್ಳುವಾಗ ಎನ್‌ಎಂಇಎ 0183 ಔಟ್ ಇರುವುದನ್ನೇ ಕೇಳಿ ಪಡೆಯಿರಿ. ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ರಿಸೀವರ್ ಅಗ್ಗವೆಂದು ತಂದರೆ ಅದು ಹಳೆಯ ವಿಎಚ್‌ಎಫ್‌ಗೆ ಹೊಂದುವುದಿಲ್ಲ. ಎನ್‌ಎಂಇಎ 2000 ಮಾತ್ರ ಇರುವ ಹೊಸ ಪ್ಲಾಟರ್‌ಗೂ ನಡುವೆ ಕನ್ವರ್ಟರ್ ಬೇಕು. ರಿಸೀವರ್ ಎಷ್ಟು ವೋಲ್ಟಿನದೆಂದೂ ನೋಡಿಕೊಳ್ಳಿ. 5 ವೋಲ್ಟಿನ ಮಾದರಿಗಳೂ ಇವೆ. ಅವನ್ನು ನೇರ ಬ್ಯಾಟರಿಗೆ ಕೊಟ್ಟರೆ ಸುಟ್ಟುಹೋಗುತ್ತವೆ.

ಇನ್ನು ಜೋಡಣೆ. ಬ್ಯಾಟರಿಯ ಮುಖ್ಯ ಸ್ವಿಚ್ ಆಫ್ ಮಾಡಿಯೇ ಶುರು ಮಾಡಿ. ಜಿಪಿಎಸ್ ಮಾತನಾಡುವ ಉಪಕರಣ, ವಿಎಚ್‌ಎಫ್ ಕೇಳುವ ಉಪಕರಣ. ಹಾಗಾಗಿ ಜಿಪಿಎಸ್‌ನ ‘ಔಟ್’ ವಯರು ವಿಎಚ್‌ಎಫ್‌ನ ‘ಇನ್’ ವಯರಿಗೆ ಸೇರಬೇಕು. ಔಟ್ ಪ್ಲಸ್ಸನ್ನು ಇನ್ ಪ್ಲಸ್ಸಿಗೆ, ಔಟ್ ಮೈನಸ್ಸನ್ನು ಇನ್ ಮೈನಸ್ಸಿಗೆ ಕೊಡಿ. ಜಿಪಿಎಸ್‌ನಲ್ಲಿ ಬೇರೆ ಮೈನಸ್ ಇಲ್ಲದಿದ್ದರೆ ಅದರ ಗ್ರೌಂಡನ್ನು ವಿಎಚ್‌ಎಫ್‌ನ ಇನ್ ಮೈನಸ್ಸಿಗೆ ಕೊಡಬೇಕು. ಹೆಚ್ಚಿನ ಕಡೆ ಎಡವಟ್ಟಾಗುವುದು ಬಣ್ಣ ನಂಬಿ. ನೀಲಿಗೆ ನೀಲಿ, ಹಸಿರಿಗೆ ಹಸಿರು ಎಂದು ಸೇರಿಸಿದರೆ ನಡೆಯುವುದಿಲ್ಲ, ಯಾಕೆಂದರೆ ವಯರಿನ ಬಣ್ಣ ತಯಾರಕರಿಂದ ತಯಾರಕರಿಗೆ ಬೇರೆ. ಗಾರ್ಮಿನ್‌ನ ಬಹುಪಾಲು ಉಪಕರಣಗಳಲ್ಲಿ ನೀಲಿ ಎಂದರೆ ಡೇಟಾ ಹೊರಗೆ, ಕಂದು ಎಂದರೆ ಡೇಟಾ ಒಳಗೆ; ಬೇರೆ ಕಂಪನಿಯ ವಿಎಚ್‌ಎಫ್‌ನಲ್ಲಿ ಅದೇ ನೀಲಿ ಬೇರೆಯೇ ಕೆಲಸಕ್ಕಿರಬಹುದು. ಎರಡೂ ಕೈಪಿಡಿಗಳನ್ನು ಮುಂದಿಟ್ಟುಕೊಂಡು, ಯಾವುದು ಯಾವುದಕ್ಕೆ ಎಂದು ಕಾಗದದ ಮೇಲೆ ಬರೆದುಕೊಂಡ ನಂತರವೇ ಇಕ್ಕುಳ ಹಿಡಿಯಿರಿ. ಪ್ರತ್ಯೇಕ ರಿಸೀವರ್ ಆದರೆ ಅದರ ಕರೆಂಟಿನ ವಯರಿಗೆ ಕೈಪಿಡಿ ಹೇಳಿದಷ್ಟು ಆಂಪಿಯರಿನ ಸಣ್ಣ ಫ್ಯೂಸ್ ತಪ್ಪದೆ ಹಾಕಿ.

ಕಡಲಿನಲ್ಲಿ ವಯರಿನ ಶತ್ರು ಉಪ್ಪು. ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ ಜೋಡಣೆ ಒಂದೆರಡು ತಿಂಗಳಲ್ಲೇ ಒಳಗೊಳಗೆ ಹಸಿರು ಕಿಲುಬು ಹಿಡಿಯುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ತವರ ಲೇಪಿಸಿದ ವಯರು ತನ್ನಿ. ಕೂಡುವೆಡೆಗೆ ಬೆಸುಗೆ ಹಾಕಿ, ಅಥವಾ ಗಟ್ಟಿಯಾಗಿ ಕ್ರಿಂಪ್ ಮಾಡಿ. ಅದರ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬು ಏರಿಸಿ, ಎರಡೂ ತುದಿಗಳಲ್ಲಿ ಅಂಟು ಚೂರು ಉಕ್ಕಿ ಹೊರಬರುವವರೆಗೆ ಬಿಸಿ ಮಾಡಿ. ಆ ಅಂಟು ಕಂಡರೆ ನೀರು ಒಳಗೆ ಹೋಗುವುದಿಲ್ಲವೆಂದು ಧೈರ್ಯವಾಗಿರಬಹುದು. ಸೆಟ್ಟಿಗೆ ಬರುವ ಮೊದಲು ವಯರನ್ನು ಒಮ್ಮೆ ಕೆಳಗೆ ಇಳಿಬಿಟ್ಟು ಮೇಲಕ್ಕೆ ತನ್ನಿ. ಜಾರಿ ಬರುವ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ರಿಸೀವರನ್ನು ಆಕಾಶ ಕಾಣುವ ಕಡೆ ಕೂರಿಸಿ. ಫೈಬರ್ ಚಾವಣಿಯ ಕೆಳಗಾದರೂ ನಡೆದೀತು, ಕಬ್ಬಿಣದ ತಗಡಿನ ಕೆಳಗೆ ಬೇಡ. ವಿಎಚ್‌ಎಫ್ ಆಂಟೆನಾದಿಂದ ಕನಿಷ್ಠ 1 ಮೀಟರ್ ದೂರವಿರಲಿ.

ಕರೆಂಟು ಕೊಟ್ಟು ಕೆಲವು ನಿಮಿಷ ಕಾಯಿರಿ. ಸೆಟ್ಟಿನ ಪರದೆಯ ಮೇಲೆ ಅಕ್ಷಾಂಶ, ರೇಖಾಂಶ ಮೂಡಿದರೆ ಗೆದ್ದಿರಿ. ಮೂಡದಿದ್ದರೆ ವೇಗ ನೋಡಿ. ಎನ್‌ಎಂಇಎ 0183ರ ಮಾಮೂಲಿ ವೇಗ 4800 ಬಾಡ್, ಹಳೆಯ ಸೆಟ್ಟುಗಳಿಗೆ ಅದೊಂದೇ ಗೊತ್ತು. ಹೊಸ ರಿಸೀವರ್‌ಗಳು 9600ಕ್ಕೋ 38400ಕ್ಕೋ ಹೊಂದಿಸಿಕೊಂಡು ಬಂದಿರುತ್ತವೆ, 4800ಕ್ಕೆ ಇಳಿಸಬೇಕು. ಆರ್‌ಎಂಸಿ, ಜಿಜಿಎ, ಜಿಎಲ್‌ಎಲ್ ಎಂಬ ಡೇಟಾ ಸಾಲುಗಳಲ್ಲಿ ವಿಎಚ್‌ಎಫ್ ಕೇಳುವ ಒಂದಾದರೂ ಹೊರಗೆ ಹೋಗುತ್ತಿರಬೇಕು. ಇನ್ನೊಂದು ತೊಡಕು ಸುಲಭಕ್ಕೆ ಹೊಳೆಯುವುದಿಲ್ಲ. ಹಲವು ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ಬಳಸುವ ರಿಸೀವರ್‌ಗಳು ಸಾಲಿನ ಆರಂಭದಲ್ಲಿ ‘ಜಿಪಿ’ ಬದಲು ‘ಜಿಎನ್’ ಎಂದು ಕಳಿಸುತ್ತವೆ. ಕೆಲವು ಹಳೆಯ ಸೆಟ್ಟುಗಳು ‘ಜಿಎನ್’ ಕಂಡರೆ ಸಾಲನ್ನೇ ಕೈಬಿಡುತ್ತವೆ. ರಿಸೀವರನ್ನು ಜಿಪಿಎಸ್‌ಗಷ್ಟೇ ಸೀಮಿತಗೊಳಿಸಿದರೆ ಇದು ಬಗೆಹರಿಯಬಹುದು. ಡೇಟಾ ಬರುತ್ತಲೇ ಇಲ್ಲವೇನೋ ಎಂಬ ಅನುಮಾನವಿದ್ದರೆ ಔಟ್ ವಯರಿಗೂ ಗ್ರೌಂಡಿಗೂ ಮಲ್ಟಿಮೀಟರ್ ಹಿಡಿಯಿರಿ. ಡೇಟಾ ಹರಿಯುತ್ತಿದ್ದರೆ ಅಂಕಿ ಒಂದೇ ಕಡೆ ನಿಲ್ಲದೆ ಕದಲುತ್ತಿರುತ್ತದೆ.

ಜಾಗ ಮೂಡಿದ ಮೇಲೆ ಪ್ಲಾಟರಿನ ಅಂಕಿಯೊಂದಿಗೆ ಹೋಲಿಸಿ. ಇಲ್ಲಿ ಎಚ್ಚರ ಬೇಕು. ಮಲ್ಪೆ ಬಂದರಿನ ಅಕ್ಷಾಂಶ ಸುಮಾರು 13 ಡಿಗ್ರಿ 21 ನಿಮಿಷ. ಅದನ್ನೇ ದಶಮಾಂಶದಲ್ಲಿ ಹೇಳಿದರೆ 13.35 ಡಿಗ್ರಿ. ಯಾರಾದರೂ 13.21 ಎಂದು ಓದಿಬಿಟ್ಟರೆ 15 ಕಿ.ಮೀ.ಗೂ ಹೆಚ್ಚು ವ್ಯತ್ಯಾಸ! ಪ್ಲಾಟರನ್ನೂ ಡಿಗ್ರಿ-ನಿಮಿಷಕ್ಕೇ ಹೊಂದಿಸಿಡಿ. ಸಮಯ ಐದೂವರೆ ಗಂಟೆ ಹಿಂದಿದ್ದರೆ ಗಾಬರಿ ಬೇಡ, ಅದು ಯುಟಿಸಿ, ಅಂದರೆ ಜಾಗತಿಕ ಸಮಯ.

ಜಾಗವನ್ನು ಕೈಯಿಂದಲೂ ಒತ್ತಿ ತುಂಬಬಹುದಲ್ಲ ಎನ್ನುವವರಿದ್ದಾರೆ. ತುಂಬಬಹುದು. ಆದರೆ ಗಂಟೆಗೆ 3 ನಾಟಿಕಲ್ ಮೈಲು ವೇಗದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟು ನೇರ ಸಾಗಿದರೆ 4 ಗಂಟೆಯಲ್ಲಿ 22 ಕಿ.ಮೀ. ಸರಿದಿರುತ್ತದೆ. ತಂಡೇಲರಿಗೆ ಇರುವ ಕೆಲಸದ ನಡುವೆ ಯಾರು ಗಂಟೆಗೊಮ್ಮೆ ಅಂಕಿ ತಿದ್ದುತ್ತಾರೆ?

ಪರೀಕ್ಷೆಗೆಂದು ಕೆಂಪು ಗುಂಡಿ ಒತ್ತಲೇಬಾರದು. ಪಕ್ಕದ ಬೋಟಿನಲ್ಲೂ ಡಿಎಸ್‌ಸಿ ಸೆಟ್ಟಿದ್ದರೆ ಅದರ ಸಂಖ್ಯೆಗೆ ಸಾಮಾನ್ಯ ಡಿಎಸ್‌ಸಿ ಕರೆ ಮಾಡಿ ನೋಡಿ. ಇದಕ್ಕೆಲ್ಲ ಎಂಎಂಎಸ್‌ಐ ಎಂಬ 9 ಅಂಕಿಯ ಗುರುತು ಸಂಖ್ಯೆ ಸೆಟ್ಟಿನಲ್ಲಿರಬೇಕು. ಭಾರತದ ಬೋಟುಗಳದ್ದು 419ರಿಂದ ಶುರು. ಅದನ್ನು ಅಧಿಕೃತವಾಗಿ ಪಡೆದೇ ತುಂಬಬೇಕು. ಹೆಚ್ಚಿನ ಸೆಟ್ಟುಗಳು ಒಂದೆರಡು ಸಲ ಮಾತ್ರ ತುಂಬಲು ಬಿಡುತ್ತವೆ, ಆಮೇಲೆ ಡೀಲರ್ ಬಳಿಗೇ ಹೋಗಬೇಕು. ಹಳೆಯ ಸೆಟ್ಟನ್ನು ಬೇರೆ ಬೋಟಿನವರಿಂದ ಕೊಂಡಿದ್ದರೆ ಒಳಗೆ ಅವರ ಸಂಖ್ಯೆಯೇ ಕುಳಿತಿರಬಹುದು. ಹಾಗಾದರೆ ನೀವು ಮುಳುಗುವಾಗ ಹುಡುಕಾಟ ಅವರ ಬೋಟಿಗೆ!

ಕೊನೆಗೆ ಬೋಟಿನಲ್ಲಿರುವ ಎಲ್ಲರನ್ನೂ ಸೆಟ್ಟಿನ ಮುಂದೆ ಕರೆಯಿರಿ. ಅಡುಗೆಯ ಹುಡುಗನನ್ನೂ ಬಿಡಬೇಡಿ. ಅಪಾಯ ಬಂದರೆ ಮುಚ್ಚಳ ಎತ್ತು, ಬೀಪ್ ಮುಗಿಯುವವರೆಗೆ ಗುಂಡಿ ಒತ್ತಿ ಹಿಡಿ, ಆಮೇಲೆ 16ನೇ ಚಾನಲ್ಲಿನಲ್ಲಿ ‘ಮೇಡೇ’ ಎಂದು ಮೂರು ಸಲ ಹೇಳಿ ಬೋಟಿನ ಹೆಸರು, ಜಾಗ, ಎಷ್ಟು ಜನರಿದ್ದಾರೆ ಎಂದು ಹೇಳು ಎಂದು ಕಲಿಸಿ. ಇದಿಷ್ಟನ್ನೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಜೊತೆಗೆ ಎಂಎಂಎಸ್‌ಐ ಮತ್ತು ಮೊಬೈಲ್ ಸಿಗ್ನಲ್ ಇರುವ ಕಡೆ ಉಪಯೋಗಕ್ಕೆ ಬರುವ ಕೋಸ್ಟ್ ಗಾರ್ಡ್ ಸಂಖ್ಯೆ 1554 ಸೇರಿಸಿ, ಲ್ಯಾಮಿನೇಟ್ ಮಾಡಿಸಿ ಸೆಟ್ಟಿನ ಪಕ್ಕದಲ್ಲೇ ಅಂಟಿಸಿ. ಪ್ರತಿ ಸಲ ದಕ್ಕೆ ಬಿಡುವ ಮೊದಲು ತಂಡೇಲರು ಪರದೆಯ ಮೇಲೆ ಜಾಗದ ಅಂಕಿ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಮೊದಲು ಅನುಮಾನಿಸಬೇಕಾದದ್ದು ವಯರು ಕೂಡಿಸಿದ ಜಾಗವನ್ನು.