ಕೋಣೆಯ ದೋಷ ಮತ್ತು ಧ್ವನಿಯ ತಿದ್ದುಪಡಿ

ಬೆಲೆಬಾಳುವ ಧ್ವನಿವರ್ಧಕಗಳನ್ನು ತಂದು ಮನೆಯಲ್ಲೇ ಚಲನಚಿತ್ರ ನೋಡುವ ಏರ್ಪಾಡು ಮಾಡಿಕೊಂಡವರಿಗೂ ಕೆಲವೊಮ್ಮೆ ನಿರಾಶೆಯಾಗುವುದುಂಟು. ಒಂದು ಕುರ್ಚಿಯಲ್ಲಿ ಕುಳಿತರೆ ತಗ್ಗುಸ್ವರವು ಕಿವಿಗಡಚಿಕ್ಕುತ್ತದೆ. ಎರಡು ಹೆಜ್ಜೆ ಸರಿದು ಕುಳಿತರೆ ಅದೇ ಸ್ವರವು ಕ್ಷೀಣಿಸುತ್ತದೆ. ಉಪಕರಣವು ಬದಲಾಗಿಲ್ಲ. ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು? ಕೋಣೆಯೇ ಕಾರಣ.

ಕೋಣೆಗೂ ಧ್ವನಿಗೂ ಇರುವ ಸಂಬಂಧವನ್ನು ಪ್ರಯೋಗದಿಂದ ಅಳೆದವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್ ಅಗ್ರಗಣ್ಯನು. ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಸುಮಾರು 5.5 ಸೆಕೆಂಡು ಮೊಳಗುತ್ತಿದ್ದುದರಿಂದ ಪಾಠವೇ ಕೇಳಿಸುತ್ತಿರಲಿಲ್ಲ. 1895ರಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ಅವನು ಆಸನದ ಮೆತ್ತೆಗಳನ್ನು ತರಿಸಿ ಹರಡಿ, ಮೊಳಗು ಎಷ್ಟೆಷ್ಟು ತಗ್ಗುವುದೆಂದು ಅಳೆದನು. ಇಂದಿಗೂ ಪರದೆ, ಜಮಖಾನೆಗಳು ಇದೇ ಕೆಲಸವನ್ನು ಮಾಡುತ್ತವೆ. ಆದರೆ ಅವು ಹೀರಿಕೊಳ್ಳುವುದು ಮುಖ್ಯವಾಗಿ ಮೇಲುಸ್ವರಗಳನ್ನು. ತಗ್ಗುಸ್ವರಗಳ ತೊಡಕು ಹಾಗೆಯೇ ಉಳಿಯುತ್ತದೆ.

ಈ ತೊಡಕನ್ನು ಒಂದು ಲೆಕ್ಕದಿಂದ ತಿಳಿಯೋಣ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಕೋಣೆಯ ಉದ್ದ 5 ಮೀಟರ್ ಎಂದಿರಲಿ. 34 ಹರ್ಟ್ಸ್ ಸ್ವರದ ತರಂಗಾಂತರವು 10 ಮೀಟರ್. ಅದರ ಅರ್ಧವು ಕೋಣೆಯ ಉದ್ದಕ್ಕೆ ಸರಿಹೋಗುತ್ತದೆ. ಆಗ ಎದುರುಬದುರು ಗೋಡೆಗಳಿಂದ ಮರಳಿದ ಅಲೆಗಳು ಕೂಡಿ ಸ್ಥಿರತರಂಗವಾಗುತ್ತವೆ. ಗೋಡೆಗಳ ಬಳಿ ಒತ್ತಡದ ಏರಿಳಿತ ಅತ್ಯಧಿಕ; ನಟ್ಟನಡುವೆ ಅತ್ಯಲ್ಪ. ಅಲ್ಲಿ ಕುಳಿತವನಿಗೆ ಆ ಸ್ವರವು ಬಹುಮಟ್ಟಿಗೆ ಕೇಳಿಸದು. 68 ಹರ್ಟ್ಸ್ ಸ್ವರವಾದರೋ ಅದೇ ನಡುವಿನಲ್ಲಿ ಮೊರೆಯುತ್ತದೆ. ಅಗಲ, ಎತ್ತರಗಳಿಗೂ ಇಂಥವೇ ಸ್ವರಗಳಿವೆ.

ಈಗಿನ ತಿದ್ದುಪಡಿಯ ಯಂತ್ರಗಳು ಮೊದಲು ಕೋಣೆಯನ್ನು ಪರೀಕ್ಷಿಸುತ್ತವೆ. ಕೇಳುವವನ ಕಿವಿಯ ಮಟ್ಟದಲ್ಲಿ ಮೈಕ್ರೊಫೋನನ್ನು ಕಾಲಿನ ಮೇಲೆ ನಿಲ್ಲಿಸಬೇಕು, ಕೈಯಲ್ಲಿ ಹಿಡಿಯಬಾರದು. ಫ್ಯಾನು ನಿಲ್ಲಿಸಿ, ಮನೆ ನಿಶ್ಶಬ್ದವಾಗಿರುವಾಗ ಪರೀಕ್ಷಾಸ್ವರಗಳನ್ನು ನುಡಿಸಬೇಕು. ಒಂದೇ ಬಿಂದುವಿನ ಅಳತೆಯನ್ನು ನಂಬದೆ, ಆಸನಗಳ ಸುತ್ತಲಿನ ಹಲವು ಬಿಂದುಗಳಲ್ಲಿ ಅಳೆಯತಕ್ಕದ್ದು. ಪ್ರತಿ ಧ್ವನಿವರ್ಧಕದ ದೂರವನ್ನೂ ಯಂತ್ರವು ಕಂಡುಕೊಳ್ಳುತ್ತದೆ. ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡಿನಂತೆ ಹತ್ತಿರದ್ದನ್ನು ತಡಮಾಡಿ ನುಡಿಸಿ, ಎಲ್ಲವೂ ಏಕಕಾಲಕ್ಕೆ ಕಿವಿ ಮುಟ್ಟುವಂತೆ ಮಾಡುತ್ತದೆ. ಬಳಿಕ, ಮಿತಿಮೀರಿ ಮೊರೆಯುವ ಸ್ವರಗಳನ್ನು ತಗ್ಗಿಸುತ್ತದೆ.

ಕಳೆದುಹೋದ ಸ್ವರವನ್ನು ಮಾತ್ರ ಯಂತ್ರವು ತುಂಬಲಾರದು. ಅಲೆಗಳು ಪರಸ್ಪರ ಅಳಿಸುವ ಸ್ಥಳದಲ್ಲಿ ಧ್ವನಿಯನ್ನು ಹೆಚ್ಚಿಸಿದರೆ, ನೇರವಾಗಿ ಬರುವ ಅಲೆಯೊಡನೆ ಅದನ್ನು ಅಳಿಸುವ ಅಲೆಯೂ ಬಲಗೊಳ್ಳುತ್ತದೆ. 10 ಡೆಸಿಬೆಲ್ ಏರಿಸಲು ಹತ್ತುಪಟ್ಟು ವಿದ್ಯುಚ್ಛಕ್ತಿ ಬೇಕು. ಫಲವಾದರೋ ತೂತುಕೊಡಕ್ಕೆ ನೀರು ಸುರಿದಂತೆ. ಧ್ವನಿವರ್ಧಕವು ವ್ಯರ್ಥವಾಗಿ ದಣಿಯುವುದಷ್ಟೇ ಲಾಭ.

ಆದುದರಿಂದ ಮೊದಲು ಮಾಡಬೇಕಾದುದು ಸ್ಥಾನದ ನಿರ್ಣಯ. ಆಸನವು ಕೋಣೆಯ ನಟ್ಟನಡುವೆಯೂ ಬೇಡ, ಹಿಂಗೋಡೆಗೆ ತಾಗಿಯೂ ಬೇಡ. ತಗ್ಗುಸ್ವರದ ಪೆಟ್ಟಿಗೆಗೆ ಸ್ಥಳ ಹುಡುಕಲು ಒಂದು ಸುಲಭೋಪಾಯವಿದೆ: ಅದನ್ನೇ ಆಸನದ ಮೇಲಿರಿಸಿ ನುಡಿಸುತ್ತ, ಗೋಡೆಯಂಚಿನಲ್ಲಿ ಬಗ್ಗಿ ನಡೆದು ಕೇಳಿರಿ. ಎಲ್ಲಿ ಸ್ವರಗಳು ಸಮವಾಗಿ ಕೇಳಿಸುವುವೋ ಅಲ್ಲಿ ಪೆಟ್ಟಿಗೆಯನ್ನಿರಿಸಿರಿ. ಸ್ಥಾನ ಮೊದಲು, ಮೆತ್ತನೆಯ ಹೊದಿಕೆಗಳು ಅನಂತರ, ಯಂತ್ರವು ಕೊನೆಗೆ. ಈ ಕ್ರಮವನ್ನು ತಿರುಗುಮುರುಗು ಮಾಡಿದವನಿಗೆ ಎಷ್ಟು ಬೆಲೆಯ ಉಪಕರಣವೂ ತೃಪ್ತಿಯನ್ನು ಕೊಡಲಾರದು.